ವಿಲಕ್ಷಣ ನಾಣ್ಯಗಳು: ಟಂಕಸಾಲೆಯ ತಪ್ಪೋ, ಕೈಚಳಕವೋ?

ನಾಣ್ಯದಲ್ಲಿ ನಾವು ಬಯಸುವ ಮೊದಲನೆಯ ಗುಣ ಏಕರೂಪತೆ. ಒಂದು ರೂಪಾಯಿ ಇನ್ನೊಂದು ರೂಪಾಯಿಯಂತೆಯೇ ಇದ್ದರೆ ಮಾತ್ರ ಅದು ಕೈಯಿಂದ ಕೈಗೆ ಮಾತಿಲ್ಲದೆ ಸಲ್ಲುತ್ತದೆ. ಆದರೆ ಈ ಗುಣಕ್ಕೆ ಭಂಗ ಬಂದ ನಾಣ್ಯಕ್ಕೆ ಸಂಗ್ರಾಹಕರು ಕೆಲವೊಮ್ಮೆ ನೂರ್ಮಡಿ ಬೆಲೆ ಕೊಡುತ್ತಾರೆಂಬುದು ವಿಚಿತ್ರವಾದರೂ ನಿಜ. ಟಂಕಸಾಲೆಯ ಕಣ್ಣು ತಪ್ಪಿಸಿ ಹೊರಬಿದ್ದ ದೋಷಯುಕ್ತ ನಾಣ್ಯ ಅಪರೂಪ, ಅಪರೂಪವಾದುದಕ್ಕೆ ಬೆಲೆಯುಂಟು, ಬೆಲೆಯಿರುವೆಡೆಯಲ್ಲಿ ಮೋಸವೂ ಉಂಟು. ಆದಕಾರಣ ಇಂತಹ ನಾಣ್ಯವೊಂದು ಕೈಗೆ ಬಂದಾಗ, ಅದರ ದೋಷ ಟಂಕಸಾಲೆಯಲ್ಲಿ ಹುಟ್ಟಿದುದೋ, ಅಥವಾ ಹೊರಗೆ ಬಂದ ಮೇಲೆ ಯಾರೋ ಮಾಡಿದ ಗಾಯವೋ ಎಂಬುದನ್ನು ನಿರ್ಣಯಿಸುವ ಕ್ರಮವನ್ನು ವಿಚಾರಮಾಡೋಣ.

ಇದಕ್ಕೆ ಮೊದಲು ನಾಣ್ಯದ ಜನನಕ್ರಮವನ್ನು ತಿಳಿಯಬೇಕು. ಲೋಹದ ತಗಡಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಆ ಬಿಲ್ಲೆಗಳನ್ನು ಸುತ್ತಲೂ ಒತ್ತಿ ಅಂಚನ್ನು ಉಬ್ಬಿಸುತ್ತಾರೆ. ಅನಂತರ ಒಂದೊಂದು ಬಿಲ್ಲೆಯನ್ನೂ ಉಕ್ಕಿನ ಬಳೆಯೊಳಗಿಟ್ಟು, ಮೇಲೊಂದು ಕೆಳಗೊಂದು ಅಚ್ಚುಗಳ ನಡುವೆ ಅದುಮುತ್ತಾರೆ. ನಿಜವಾದ ದೋಷವು ಬಿಲ್ಲೆಯಲ್ಲಿ, ಅಚ್ಚಿನಲ್ಲಿ, ಇಲ್ಲವೆ ಪೆಟ್ಟಿನಲ್ಲಿ ಹುಟ್ಟಿರಬೇಕು. ಇದು ಯಾವ ಹಂತದಲ್ಲಿ, ಹೇಗೆ ಆಗಿರಬಹುದು ಎಂಬ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ, ಆ ನಾಣ್ಯವನ್ನು ಸಂಶಯದಿಂದಲೇ ನೋಡತಕ್ಕದ್ದು.

ಬಿಲ್ಲೆಯ ದೋಷವನ್ನು ಮೊದಲು ತೆಗೆದುಕೊಳ್ಳೋಣ. ತಗಡು ಸಾಕಷ್ಟು ಮುಂದಕ್ಕೆ ಸರಿಯದಿದ್ದರೆ, ಕತ್ತರಿಸುವ ಯಂತ್ರ ಹಿಂದಿನ ತೂತಿನ ಮೇಲೆಯೇ ಅರ್ಧಂಬರ್ಧ ಬೀಳುತ್ತದೆ. ಬಿಲ್ಲೆಯ ಒಂದು ಪಕ್ಕ ಹಲ್ಲಿನಿಂದ ಕಚ್ಚಿದ ಹಪ್ಪಳದಂತೆ ಕಾಣುತ್ತದೆ. ಅರ ಹಿಡಿದವನು ಯಾವ ನಾಣ್ಯವನ್ನಾದರೂ ಹೀಗೆ ಉಜ್ಜಬಲ್ಲನಷ್ಟೆ. ಎರಡರಲ್ಲಿಯೂ ತೂಕ ಕಡಮೆಯೇ. ಹಾಗಾದರೆ ಭೇದವೆಲ್ಲಿ? ಕಚ್ಚಿನ ನೇರ ಎದುರು ಬದಿಯನ್ನು ನೋಡಬೇಕು. ಅಂಚನ್ನು ಉಬ್ಬಿಸುವಾಗ ಒಂದು ಕಡೆ ಲೋಹವೇ ಇಲ್ಲದಿದ್ದುದರಿಂದ ಎದುರು ಕಡೆಗೆ ಸರಿಯಾದ ಒತ್ತಡ ಬೀಳುವುದಿಲ್ಲ; ಅಲ್ಲಿಯ ಅಂಚು ಸಾಮಾನ್ಯವಾಗಿ ಮಂಕಾಗಿರುತ್ತದೆ. ಇದಲ್ಲದೆ ಕಚ್ಚಿನ ಬಳಿಯ ಅಕ್ಷರಗಳು ಆ ಕಡೆಗೆ ಹರಿದು ಕ್ಷೀಣಿಸಿರುತ್ತವೆ. ಅರದ ಕೆಲಸದಲ್ಲಿಯಾದರೋ ಎದುರು ಅಂಚು ಪೂರ್ಣವಾಗಿಯೇ ಇರುತ್ತದೆ. ಅಕ್ಷರಗಳು ಥಟ್ಟನೆ ಕತ್ತರಿಸಿ ಹೋಗಿರುತ್ತವೆ. ಮೋಸಗಾರನು ದೋಷವನ್ನು ಮಾತ್ರ ಅನುಕರಿಸುತ್ತಾನೆ, ಅದರ ಪರಿಣಾಮಗಳನ್ನು ಮರೆಯುತ್ತಾನೆ.

ಪೆಟ್ಟಿನ ದೋಷದಲ್ಲಿಯೂ ಇದೇ ನ್ಯಾಯ. ಒಮ್ಮೊಮ್ಮೆ ಅಚ್ಚಾದ ನಾಣ್ಯ ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಅದರ ಮುದ್ರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ತಗ್ಗಾಗಿ ಮೂಡುತ್ತದೆ. ಇನ್ನೊಂದು ಮುಖ ಮಾತ್ರ ಸ್ಫುಟವಾಗಿರುತ್ತದೆ. ಎರಡು ನಾಣ್ಯಗಳನ್ನು ಬಡಗಿಯ ಇಕ್ಕಳದಲ್ಲಿ ಬಿಗಿದೂ ಇಂತಹ ಗುರುತನ್ನು ಮಾಡಬಹುದು. ಆದರೆ ಆಗ ನಾಣ್ಯದ ಸ್ವಂತ ಚಿತ್ರ ಕೆಳಗೆ ಉಳಿದೇ ಇರುತ್ತದೆ, ಹಿಂಬದಿ ಚಪ್ಪಟೆಯಾಗಿರುತ್ತದೆ.

ಅಚ್ಚಿನ ದೋಷಕ್ಕೆ ಅಮೆರಿಕದ ೧೯೫೫ರ ಒಂದು ಸೆಂಟಿನ ನಾಣ್ಯ ಪ್ರಸಿದ್ಧ ನಿದರ್ಶನ. ಅಚ್ಚನ್ನು ತಯಾರಿಸುವಾಗಲೇ ಚಿತ್ರ ಎರಡು ಸಲ ಸ್ವಲ್ಪ ಸರಿದು ಬಿದ್ದುದರಿಂದ, ಅದರಿಂದ ಹೊರಬಂದ ಪ್ರತಿಯೊಂದು ನಾಣ್ಯದಲ್ಲಿಯೂ ತಾರೀಖು ಮತ್ತು ಅಕ್ಷರಗಳು ಜೋಡಿಯಾಗಿವೆ. ಎರಡನೆಯ ರೇಖೆಯೂ ಮೊದಲನೆಯದರಂತೆ ಉಬ್ಬಿ ದುಂಡಗಿದೆ. ಅದುಮುವಾಗ ಅಚ್ಚು ಸಡಿಲವಾಗಿ ಕದಲಿದರೆ ಆಗುವ ಜೋಡಿಗೆರೆ ಬೇರೆ. ಅದು ಮೆಟ್ಟಿಲಿನಂತೆ ಚಪ್ಪಟೆಯಾಗಿದ್ದು ಅಕ್ಷರವನ್ನೇ ಸವೆಸಿರುತ್ತದೆ. ಇದಕ್ಕೆ ಬೆಲೆ ಬಹು ಅಲ್ಪ.

ಇನ್ನು ೧೯೪೩ರ ಸೆಂಟಿನ ಕಥೆ. ಯುದ್ಧಕ್ಕೆ ತಾಮ್ರ ಬೇಕಾದುದರಿಂದ ಆ ವರ್ಷ ಅಮೆರಿಕದ ಸೆಂಟುಗಳನ್ನು ಸತುವು ಬಳಿದ ಉಕ್ಕಿನಲ್ಲಿ ಅಚ್ಚು ಹಾಕಿದರು. ಹಿಂದಿನ ವರ್ಷದ ಕೆಲವು ಕಂಚಿನ ಬಿಲ್ಲೆಗಳು ಹೇಗೋ ಉಳಿದು ಅವುಗಳೊಡನೆ ಬೆರೆತವು. ೧೯೪೭ರಲ್ಲಿ ಪಿಟ್ಸ್‌ಫೀಲ್ಡ್ ಊರಿನ ಶಾಲಾಬಾಲಕನೊಬ್ಬನಿಗೆ ಚಿಲ್ಲರೆಯಲ್ಲಿ ಅಂತಹದೊಂದು ದೊರೆಯಿತು. ವಿಚಾರಿಸಿದಾಗ ಸರ್ಕಾರದವರು, ಆ ವರ್ಷದ ಸೆಂಟುಗಳೆಲ್ಲ ಉಕ್ಕಿನವೇ ಎಂದರು. ಆ ನಾಣ್ಯ ೨೦೧೯ರಲ್ಲಿ ೨,೦೪,೦೦೦ ಡಾಲರುಗಳಿಗೆ ಹರಾಜಾಯಿತು. ಇದರ ನಕಲುಗಳು ಅಸಂಖ್ಯಾತ. ಉಕ್ಕಿನ ಸೆಂಟಿಗೆ ತಾಮ್ರದ ಗಿಲೀಟು ಮಾಡಿದ್ದರೆ ಅಯಸ್ಕಾಂತ ಅದನ್ನು ಹಿಡಿದುಬಿಡುತ್ತದೆ. ತೂಕ ಹಾಕಿದರೂ ಸಾಕು, ಉಕ್ಕಿನದು ೨.೭೦ ಗ್ರಾಂ, ಕಂಚಿನದು ೩.೧೧ ಗ್ರಾಂ. ೧೯೪೮ರ ಸೆಂಟಿನಲ್ಲಿ ಎಂಟನ್ನು ಕೊರೆದು ಮೂರು ಮಾಡಿದ್ದರೆ ಈ ಎರಡು ಪರೀಕ್ಷೆಗಳೂ ಸೋಲುತ್ತವೆ. ಆಗ ಭೂತಕನ್ನಡಿಯಲ್ಲಿ ಅಂಕಿಯ ಆಕಾರವನ್ನೇ ನೋಡಬೇಕು. ನಿಜವಾದ ಮೂರರ ಬಾಲ ಕೆಳಕ್ಕೆ ನೀಳವಾಗಿ ಇಳಿದಿರುತ್ತದೆ. ಒಂದೇ ಪರೀಕ್ಷೆಯನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತ ಬೇಡ.

ಎರಡು ಕಡೆಯೂ ತಲೆಯಿರುವ ನಾಣ್ಯವಾದರೋ ಬಹುಮಟ್ಟಿಗೆ ಗಾರುಡಿಗರ ಸಾಮಗ್ರಿ. ಒಂದು ನಾಣ್ಯದ ಒಳಗನ್ನು ಕೊರೆದು ಇನ್ನೊಂದರ ಮುಖವನ್ನು ಅದರಲ್ಲಿ ಕೂರಿಸಿರುತ್ತಾರೆ. ಅಂಚಿನ ಒಳಸುತ್ತಿನಲ್ಲಿ ಕೂದಲೆಳೆಯಂತಹ ಬೆಸುಗೆಯ ಗೆರೆ ಕಾಣುತ್ತದೆ. ನಮ್ಮ ಚಿನಿವಾರರು ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ ನಾದ ಕೇಳುತ್ತಿದ್ದ ಪದ್ಧತಿ ಇಲ್ಲಿ ಚೆನ್ನಾಗಿ ಸಲ್ಲುತ್ತದೆ. ಬೆಸೆದ ನಾಣ್ಯ ಬದ್ದ ಸದ್ದು ಮಾಡುತ್ತದೆ.

ಜನರು ತಪ್ಪೆನ್ನುವುದೆಲ್ಲ ಟಂಕದೋಷವೂ ಅಲ್ಲ. ೧೯೧೧ರ ಐದನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ, ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಟಕಾಗಿ ಹಂದಿಯಂತೆ ಕಂಡಿತು. ಆಕ್ಷೇಪಣೆಗಳೆದ್ದು ೧೯೧೨ರಲ್ಲಿ ಚಿತ್ರವನ್ನು ತಿದ್ದಿದರು. ಅಲ್ಲಿ ತಪ್ಪಿದುದು ಚಿತ್ರಗಾರನ ಕೈ, ಯಂತ್ರವಲ್ಲ.

ಕಡೆಯದಾಗಿ ಎರಡು ಮಾತು. ಸಂಶಯದ ನಾಣ್ಯವನ್ನು ಹುಣಿಸೆಹಣ್ಣಿನಿಂದಲೋ ಬೂದಿಯಿಂದಲೋ ಉಜ್ಜಲಾಗದು; ಸಾಕ್ಷ್ಯವೇ ಅಳಿಸಿಹೋಗುತ್ತದೆ. ಅದೇ ವರ್ಷದ, ಅದೇ ಟಂಕಸಾಲೆಯ ಒಳ್ಳೆಯ ನಾಣ್ಯವೊಂದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಬೇಕು. ಎರಡನೆಯದು, ಹಳೆಯ ನಾಣ್ಯಕ್ಕೆ ಲಕ್ಷ ರೂಪಾಯಿ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರ ವಿಷಯ. ರಿಸರ್ವ್ ಬ್ಯಾಂಕು ತನ್ನ ಹೆಸರಿನಲ್ಲಿಯೇ ಇಂತಹ ವಂಚನೆ ನಡೆಯುತ್ತಿರುವುದನ್ನು ಕಂಡು ೨೦೨೧ರ ಆಗಸ್ಟಿನಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತು. ನಾಣ್ಯದಲ್ಲಿ ಕಾಣುವ ಪ್ರತಿಯೊಂದು ವೈಚಿತ್ರ್ಯಕ್ಕೂ ಒಂದು ಕಾರಣವಿದ್ದೇ ಇರುತ್ತದೆ. ಆ ಕಾರಣ ತಿಳಿಯುವವರೆಗೆ ಕೊಳ್ಳದೆಯೂ ಮಾರದೆಯೂ ಇರುವುದೇ ವಿವೇಕ.