ಹಾಲಿನ ಕ್ಯಾನು ಹೊರುವ ಮೊಪೆಡ್ಡು: ಪೆಟ್ರೋಲಿನ ಉಳಿತಾಯ ಮತ್ತು ಎಂಜಿನ್ನಿನ ಆಯ್ಕೆ



ಹಸುವಿಗೆ ಎಷ್ಟು ಹಿಂಡಿ ಇಟ್ಟೆವು, ಎಷ್ಟು ಹಾಲು ಕರೆದೆವು ಎಂಬುದನ್ನು ನಾವು ದಿನವೂ ನೋಡುತ್ತೇವೆ. ಆ ಹಾಲನ್ನು ಡೈರಿಗೆ ಹೊತ್ತೊಯ್ಯುವ ಮೊಪೆಡ್ಡು ಎಷ್ಟು ಕುಡಿಯಿತು ಎಂದು ಕೇಳಿ ನೋಡಿ. "ನೂರು ರೂಪಾಯಿಗೆ ಹಾಕಿಸಿದೆ, ಮುಗೀತು, ಮತ್ತೆ ನೂರಕ್ಕೆ ಹಾಕಿಸಿದೆ" ಎನ್ನುತ್ತಾರೆ. ಗಾಡಿಯೂ ಮನೆಯ ಒಂದು ಜಾನುವಾರು ಇದ್ದ ಹಾಗೆ. ಅದರ ಮೇವಿಗೂ ಲೆಕ್ಕ ಬೇಡವೇ?

ಇದನ್ನು ನನಗೆ ಕಲಿಸಿದವರು ತಿಪಟೂರು ಕಡೆಯ ಒಬ್ಬ ಗೃಹಿಣಿ. ಅವರ ಯಜಮಾನರು ದಿನಕ್ಕೆರಡು ಸಲ ಡೈರಿಗೆ ಹೋಗಿಬರುತ್ತಾರೆ. ಒಟ್ಟು 24 ಕಿಲೋಮೀಟರು. "ಗಾಡಿಗೆ ವಯಸ್ಸಾಯ್ತು ಸ್ವಾಮಿ, ಪೆಟ್ರೋಲು ಕುಡೀತದೆ. ಸಾಲ ಮಾಡಿ ಹೊಸದು ತರೋಣ ಅಂತಿದೀನಿ" ಎಂದರು. ನಾನೂ ವಿಚಾರಿಸದೆ, "ಹಾಗೇ ಮಾಡಿ" ಎಂದುಬಿಟ್ಟೆ. ಆಗ ಆಕೆ ಒಳಗಿನಿಂದ ಹಾಲಿನ ಲೆಕ್ಕದ ಪುಸ್ತಕ ತಂದರು. ಅದರ ಹಿಂದಿನ ಹಾಳೆಯಲ್ಲಿ ಪೆಟ್ರೋಲಿನ ಲೆಕ್ಕವೂ ಇತ್ತು. ದೀಪಾವಳಿಯವರೆಗೆ ತಿಂಗಳಿಗೆ 15 ಲೀಟರು. ಆಮೇಲೆ 18 ಲೀಟರು. "ವಯಸ್ಸು ಒಂದೇ ತಿಂಗಳಲ್ಲಿ ಆಗುತ್ತಾ ಅಣ್ಣ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ತಿರುಗಿಸಿದೆವು. ಅರ್ಧ ಸುತ್ತಿಗೇ ನಿಂತಿತು. ದೀಪಾವಳಿಯ ಹೊತ್ತಿಗೆ ಬ್ರೇಕಿನ ಶೂ ಹೊಸದು ಹಾಕಿಸಿ, ಅತಿಯಾಗಿ ಬಿಗಿ ಮಾಡಿಸಿದ್ದರು. ಏರ್ ಫಿಲ್ಟರಿನಲ್ಲಿ ಬೊಗಸೆ ಧೂಳಿತ್ತು. ಬ್ರೇಕು ಸಡಿಲಿಸಿ, ಫಿಲ್ಟರು ಶುಚಿಮಾಡಿದ ಮೇಲೆ ಗಾಡಿ ಮತ್ತೆ 15 ಲೀಟರಿಗೇ ಇಳಿಯಿತು. ತಿಂಗಳಿಗೆ 3 ಲೀಟರು ಉಳಿಯಿತು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 3,600 ರೂಪಾಯಿ. ಸಾಲವೂ ತಪ್ಪಿತು.

ಆದ್ದರಿಂದ ಮೊದಲ ಮಾತು: ಗಾಡಿ ಬದಲಾಯಿಸುವ ಮುನ್ನ ಅಳೆದು ನೋಡಿ. ಅಳೆಯುವ ಕ್ರಮ ಸುಲಭ. ಟ್ಯಾಂಕಿನಲ್ಲಿ ಒಂದು ಗುರುತಿನವರೆಗೆ ಪೆಟ್ರೋಲು ತುಂಬಿಸಿ, ಮೀಟರಿನ ಕಿಲೋಮೀಟರು ಬರೆದುಕೊಳ್ಳಿ. ನಾಲ್ಕಾರು ದಿನ ಎಂದಿನ ಕೆಲಸಕ್ಕೇ ಓಡಿಸಿ. ಮತ್ತೆ ಅದೇ ಗುರುತಿನವರೆಗೆ ತುಂಬಿಸಿ, ಎಷ್ಟು ಲೀಟರು ಹಿಡಿಯಿತು ನೋಡಿ. ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಅದೇ ನಿಮ್ಮ ನಿಜವಾದ ಮೈಲೇಜು. ಮೀಟರು ಕೆಟ್ಟಿದ್ದರೆ ಡೈರಿಯ ದಾರಿ ಎಷ್ಟು ದೂರವೆಂದು ಗೊತ್ತಿದೆಯಲ್ಲ, ಎಷ್ಟು ಸಲ ಹೋಗಿಬಂದಿರಿ ಎಂದು ಎಣಿಸಿದರೂ ಆಯಿತು. ಅಂಗಡಿಯವರು ಹೇಳುವ ಮೈಲೇಜು ಕ್ಯಾನಿಲ್ಲದ ಗಾಡಿಯದು, ಒಳ್ಳೆಯ ರಸ್ತೆಯದು. ನಿಮಗೆ ಬೇಕಾದದ್ದು ನಿಮ್ಮ ಕ್ಯಾನು ಹೊತ್ತು ನಿಮ್ಮ ಊರ ದಾರಿಯಲ್ಲಿ ಓಡಿದ ಲೆಕ್ಕ.

ಮೈಲೇಜು ಇದ್ದಕ್ಕಿದ್ದಂತೆ ಇಳಿದರೆ ಈ ಐದನ್ನು ನೋಡಿ.

ಒಂದು, ಬ್ರೇಕು. ಸ್ಟ್ಯಾಂಡಿನಲ್ಲಿ ಚಕ್ರ ಸಲೀಸಾಗಿ ಸುತ್ತಬೇಕು. ಊರಿಗೆ ಬಂದಿಳಿದ ಕೂಡಲೇ ಬ್ರೇಕಿನ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ. ಬಿಸಿ ಹೊಡೆಯುತ್ತಿದ್ದರೆ ಬ್ರೇಕು ಹಿಡಿದುಕೊಂಡಿದೆ ಎಂದರ್ಥ.

ಎರಡು, ಟೈರಿನ ಗಾಳಿ. ಗಾಳಿ ಕಡಮೆಯಾದರೆ ಟೈರು ನೆಲಕ್ಕೆ ಅಂಟಿಕೊಂಡು ಉರುಳುತ್ತದೆ. ಎಂಜಿನ್ನು ಹೆಚ್ಚು ದುಡಿಯಬೇಕಾಗುತ್ತದೆ. ವಾರಕ್ಕೊಮ್ಮೆ ಗಾಳಿ ಅಳೆಸಿ.

ಮೂರು, ಏರ್ ಫಿಲ್ಟರು. ಹುಯ್ದ ಮಣ್ಣಿನ ದಾರಿಯಲ್ಲಿ ಓಡುವ ಗಾಡಿಗೆ ಇದು ಬೇಗ ಕಟ್ಟಿಕೊಳ್ಳುತ್ತದೆ. ಗಾಳಿ ಸಾಲದಿದ್ದರೆ ಪೆಟ್ರೋಲು ಪೂರ್ತಿ ಉರಿಯುವುದಿಲ್ಲ.

ನಾಲ್ಕು, ಚೈನು ಮತ್ತು ಪ್ಲಗ್ಗು. ಒಣಗಿದ ಚೈನಿಗೆ ಎಣ್ಣೆ ಬಿಡಿ. ಕಪ್ಪು ಹಿಡಿದ ಪ್ಲಗ್ಗನ್ನು ಶುಚಿಮಾಡಿಸಿ.

ಐದು, ಓಡಿಸುವ ರೀತಿ. ವೇಗ ಹೆಚ್ಚಿದಷ್ಟೂ ಎದುರುಗಾಳಿಯ ತಡೆ ಬಹಳ ಬೇಗ ಏರುತ್ತದೆ. 35-40ರಲ್ಲಿ ಒಂದೇ ಸಮ ಹೋದರೆ ಪೆಟ್ರೋಲು ಉಳಿಯುತ್ತದೆ. ಡೈರಿಯ ಮುಂದೆ ಮಾತಿಗೆ ನಿಂತಾಗ ಎಂಜಿನ್ನು ಆರಿಸಿ.

ಇನ್ನು ಎಂಜಿನ್ನಿನ ಮಾತು. ಸೈಕಲ್ಲಿಗೆ ಎಂಜಿನ್ನು ಕೂಡಿಸುವ ಯೋಚನೆ ಹಳೆಯದು. 1946ರಲ್ಲಿ ಜಪಾನಿನ ಹಮಾಮತ್ಸು ಪಟ್ಟಣದಲ್ಲಿ ಸೋಯಿಚಿರೋ ಹೋಂಡಾ ಎಂಬವರು, ಸೈನ್ಯದ ವೈರ್‌ಲೆಸ್ ಸೆಟ್ಟಿಗೆಂದು ಮಾಡಿದ್ದ ಸಣ್ಣ ಎಂಜಿನ್ನುಗಳನ್ನು ಸೈಕಲ್ಲಿಗೆ ಕಟ್ಟಿ ಮಾರಿದರು. ನಮ್ಮಲ್ಲಿ ಪುಣೆಯ ಲೂನಾ 1972ರಲ್ಲಿ ಬಂತು. ನಮ್ಮ ಗಡಿಯಾಚೆಯ ಹೊಸೂರಿನಿಂದ ಟಿವಿಎಸ್ 50 ಗಾಡಿ 1980ರಲ್ಲಿ ಬಂತು. ಇವೆಲ್ಲ ಟೂ-ಸ್ಟ್ರೋಕ್ ಎಂಜಿನ್ನುಗಳು.

ಟೂ-ಸ್ಟ್ರೋಕಿನಲ್ಲಿ ಎಂಜಿನ್ನಿನ ಒಂದೊಂದು ಸುತ್ತಿಗೂ ಪೆಟ್ರೋಲು ಉರಿಯುತ್ತದೆ. ಬಿಡಿಭಾಗ ಕಡಮೆ, ರಿಪೇರಿ ಸುಲಭ. ಆದರೆ ಒಂದು ದೋಷವಿದೆ. ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲು-ಗಾಳಿ ಒಳನುಗ್ಗುತ್ತದೆ. ಅದರಲ್ಲಿ ಒಂದು ಪಾಲು ಉರಿಯದೆಯೇ ಹೊಗೆಯ ಜೊತೆ ಹೊರಟುಹೋಗುತ್ತದೆ. ಬದು ಒಡೆದ ಗದ್ದೆಗೆ ನೀರು ಹಾಯಿಸಿದ ಹಾಗೆ. ಫೋರ್-ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಬರುವ ಬಾಗಿಲಿಗೂ ಹೋಗುವ ಬಾಗಿಲಿಗೂ ಬೇರೆ ಬೇರೆ ವಾಲ್ವು ಇರುವುದರಿಂದ ಪೋಲು ಕಡಮೆ. 2015ರಲ್ಲಿ ಬಂದ ಎಕ್ಸ್‌ಎಲ್ 100 ಇಂಥ ಗಾಡಿ. 2020ರಿಂದ ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಏರ್ಪಾಡೂ ಇದಕ್ಕೆ ಬಂದಿದೆ.

ಮನೆಯಲ್ಲಿ ಹಳೆಯ ಟೂ-ಸ್ಟ್ರೋಕ್ ಗಾಡಿ ಇದ್ದರೆ, ಪೆಟ್ರೋಲಿಗೆ ಬೆರೆಸುವ ಆಯಿಲನ್ನು ಅಳೆದೇ ಹಾಕಿ. ಹೆಚ್ಚು ಹಾಕಿದರೆ ಎಂಜಿನ್ನಿಗೆ ತಂಪು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ, ಮಸಿ ಕಟ್ಟಿ ಸೈಲೆನ್ಸರು ಮುಚ್ಚಿಕೊಳ್ಳುತ್ತದೆ. ಕಡಮೆಯಾದರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುವ ಅಳತೆಯೇ ಸರಿ.

ಈಗ ಕರೆಂಟಿನ ಗಾಡಿಯೂ ಬಂದಿದೆ. ಲೂನಾ ಕೂಡ 2024ರಲ್ಲಿ ಬ್ಯಾಟರಿಯ ರೂಪದಲ್ಲಿ ಮರಳಿ ಬಂತು. ಒಂದು ಯೂನಿಟ್ಟಿಗೆ 32 ಕಿಲೋಮೀಟರು ಓಡುತ್ತದೆ, ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ ಸುಮಾರು 22 ಪೈಸೆ. ಲೀಟರಿಗೆ 48 ಕೊಡುವ ಪೆಟ್ರೋಲು ಗಾಡಿಗೆ 2 ರೂಪಾಯಿ ದಾಟುತ್ತದೆ. ಇಷ್ಟು ಕೇಳಿಯೇ ಅಂಗಡಿಗೆ ಓಡಬೇಡಿ. ಬ್ಯಾಟರಿ ಸವೆಯುವ ವಸ್ತು. ಅದಕ್ಕೆ 30,000 ರೂಪಾಯಿ ಬೀಳುತ್ತದೆ, 30,000 ಕಿಲೋಮೀಟರು ಬಾಳುತ್ತದೆ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಕಿಲೋಮೀಟರಿಗೆ ಇನ್ನೊಂದು ರೂಪಾಯಿ ಸೇರಿತು. ಆಗಲೂ ಲಾಭವೇ, ಆದರೆ ಕಂಡಷ್ಟು ಲಾಭವಲ್ಲ. ಬ್ಯಾಟರಿಯ ಬೆಲೆ, ಗ್ಯಾರಂಟಿಯ ವರ್ಷ, ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ, ಈ ಮೂರನ್ನು ಕೇಳಿ ನಿಮ್ಮ ಲೆಕ್ಕಕ್ಕೆ ಹಾಕಿ. ಚಾರ್ಜು ಮಾಡುವುದು ಮನೆಯ ಮೀಟರಿನಲ್ಲೇ ಇರಲಿ. ಪಂಪ್‌ಸೆಟ್ಟಿನ ಲೈನಿಗೆ ಸಿಕ್ಕಿಸಬೇಡಿ.

ದಿನವೂ ಗೊತ್ತಾದ ದಾರಿ, ರಾತ್ರಿ ಮನೆಯಲ್ಲಿ ಕರೆಂಟು ಇದ್ದವರಿಗೆ ಬ್ಯಾಟರಿ ಗಾಡಿ ಹೊಂದುತ್ತದೆ. ಏರುದಾರಿ, ಭಾರದ ಮೂಟೆ, ದೂರದ ಸಂತೆ ಇದ್ದವರಿಗೆ ಫೋರ್-ಸ್ಟ್ರೋಕ್ ಪೆಟ್ರೋಲು ಗಾಡಿ. ಒಬ್ಬರೇ ತೋಟಕ್ಕೆ ಹೋಗಿಬರುವುದಾದರೆ ತುಳಿಯುವವರಿಗೆ ನೆರವಾಗುವ ಮೋಟಾರಿನ ಸೈಕಲ್ಲು ಸಾಕು. ಮೋಟಾರು 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇರುವ, ಸರ್ಕಾರದ ಒಪ್ಪಿಗೆ ಪಡೆದ ಮಾದರಿಗೆ ನೋಂದಣಿ ಬೇಕಿಲ್ಲ.

ಒಂದು ಎಚ್ಚರಿಕೆ. ಹಳೆಯ ಸೈಕಲ್ಲಿಗೆ ಪೆಟ್ರೋಲು ಎಂಜಿನ್ನು ಕಟ್ಟಿಸಿಕೊಳ್ಳುವ ಆಸೆ ಕೆಲವು ಹುಡುಗರಿಗಿದೆ. ಸೈಕಲ್ಲಿನ ಬ್ರೇಕು ಕಾಲಿನ ವೇಗಕ್ಕೆ ಮಾಡಿದ್ದು. ಎಂಜಿನ್ನಿನ ವೇಗಕ್ಕೆ, ಅದೂ ಇಳಿಜಾರಿನಲ್ಲಿ, ಅದು ತಡೆಯುವುದಿಲ್ಲ. ಎಂಜಿನ್ನು 25 ಸಿಸಿ ಮೀರಿದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನ. ನಾಲ್ಕು ಕಾಸು ಉಳಿಸಲು ಹೋಗಿ ಜೀವಕ್ಕೆ ಅಪಾಯ ತಂದುಕೊಳ್ಳಬೇಡಿ.

ಇವತ್ತು ಸಂಜೆ ಡೈರಿಯಿಂದ ಬಂದ ಮೇಲೆ ಎರಡು ಕೆಲಸ ಮಾಡಿ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಚಕ್ರ ತಿರುಗಿಸಿ ನೋಡಿ. ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆಟ್ರೋಲಿನ ಮೊದಲ ಸಾಲು ಬರೆಯಿರಿ. ಮುಂದಿನ ತಿಂಗಳು ಗಾಡಿ ಮಾರಬೇಕೋ ಬೇಡವೋ ಎಂಬುದನ್ನು ಆ ಹಾಳೆಯೇ ಹೇಳುತ್ತದೆ.