ಹದಿನೈದರ ಹುಡುಗ, ಸುರಪುರದ ‘ಅಪ್ಪಾ’

‘ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ’ ಎಂಬ ಮಕ್ಕಳ ಕತೆಯನ್ನು ಬರೆದ ರೊಆಲ್ಡ್ ಡಾಲ್ ತನ್ನ ಎಳೆಯ ವಯಸ್ಸಿನ ನೆನಪುಗಳನ್ನೂ ಬರೆದಿದ್ದಾನೆ. ಬಾಲ್ಯದ ಕಥೆ ‘ಬಾಯ್’ 1984ರಲ್ಲಿ ಬಂತು. ತಾರುಣ್ಯದ ಕಥೆ ‘ಗೋಯಿಂಗ್ ಸೋಲೊ’ 1986ರಲ್ಲಿ ಬಂತು. ಎರಡನೆಯದರಲ್ಲಿ ಆತ 1938ರಲ್ಲಿ ಶೆಲ್ ಎಣ್ಣೆ ಕಂಪನಿಯ ನೌಕರನಾಗಿ ಹಡಗು ಹತ್ತಿ ಪೂರ್ವ ಆಫ್ರಿಕಾದ ದಾರ್ ಎಸ್ ಸಲಾಮ್‌ಗೆ ಹೋಗುತ್ತಾನೆ. ಹಾವು, ಸಿಂಹ, ವಿಚಿತ್ರ ಸ್ವಭಾವದ ಬಿಳಿಯರು, ಅಷ್ಟರಲ್ಲಿ ಯುದ್ಧ, ವಿಮಾನಪಡೆ, ಮರುಭೂಮಿಯ ಮರಳಿನಲ್ಲಿ ವಿಮಾನ ಬಿದ್ದು ಬದುಕಿ ಉಳಿದದ್ದು, ಇವೆಲ್ಲ ಅಲ್ಲಿವೆ. ಕಂಪನಿಯ ಕೆಲಸಕ್ಕೆಂದು ಕಡಲು ದಾಟಿದ ಹುಡುಗನೊಬ್ಬ ಪರದೇಶದಲ್ಲಿ ಗಂಡಸಾಗುವ ಈ ಬಗೆಯ ಕಥನಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಪರಂಪರೆಯೇ ಇದೆ. ಆ ಪರಂಪರೆಯ ಒಂದು ಮುಖ್ಯ ಪುಸ್ತಕದ ಅರ್ಧ ಭಾಗ ನಡೆಯುವುದು ನಮ್ಮದೇ ನೆಲದಲ್ಲಿ, ಭೀಮೆ ಮತ್ತು ಕೃಷ್ಣೆಯರ ನಡುವಿನ ಸೀಮೆಯಲ್ಲಿ, ಎಂಬುದನ್ನು ಕೊಂಕಲ್, ಶಹಾಪುರ, ಸುರಪುರದ ಕಡೆಯವರಲ್ಲೂ ಎಷ್ಟೋ ಮಂದಿ ಮರೆತಿದ್ದಾರೆ.

ಆ ಪುಸ್ತಕ ಫಿಲಿಪ್ ಮೆಡೋಸ್ ಟೇಲರ್‌ನ ‘ದಿ ಸ್ಟೋರಿ ಆಫ್ ಮೈ ಲೈಫ್’. ಟೇಲರ್ ಮಕ್ಕಳ ಸಾಹಿತಿಯಲ್ಲ, ಕಾದಂಬರಿಕಾರ. ಆದರೆ ಆತನ ಆತ್ಮಕಥೆಯ ಮೊದಲ ಅಧ್ಯಾಯಗಳನ್ನು ಓದಿದವರಿಗೆ ಅದು ಸಾಹಸಪ್ರಿಯ ಹುಡುಗರಿಗಾಗಿಯೇ ಬರೆದ ಕಥೆ ಅನ್ನಿಸಿದರೆ ತಪ್ಪಲ್ಲ.

1808ರ ಸೆಪ್ಟೆಂಬರ್ 25ರಂದು ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್‌ನ ತಂದೆ ವ್ಯಾಪಾರಿ. ವ್ಯಾಪಾರ ಕುಸಿಯಿತು. ಮುಂಬಯಿಯಲ್ಲಿ ಬ್ಯಾಕ್ಸ್‌ಟರ್ ಎಂಬ ವರ್ತಕನಿದ್ದಾನೆ, ಹುಡುಗನನ್ನು ಗುಮಾಸ್ತನಾಗಿ ಇಟ್ಟುಕೊಂಡು ಮುಂದೆ ಪಾಲುದಾರನನ್ನೂ ಮಾಡಿಕೊಳ್ಳುತ್ತಾನೆ ಎಂಬ ಭರವಸೆಯ ಮೇಲೆ 1824ರಲ್ಲಿ ಹದಿನೈದರ ಹುಡುಗನನ್ನು ಹಡಗು ಹತ್ತಿಸಲಾಯಿತು. ಮುಂಬಯಿಗೆ ಬಂದಿಳಿದಾಗ ಗೊತ್ತಾದದ್ದು ಬೇರೆ. ಬ್ಯಾಕ್ಸ್‌ಟರ್‌ನ ವ್ಯವಹಾರ ಹೊರಗೆ ಹೇಳಿಕೊಂಡಷ್ಟು ದೊಡ್ಡದಿರಲಿಲ್ಲ, ಆತನೇ ಹಣದ ಇಕ್ಕಟ್ಟಿನಲ್ಲಿದ್ದ. ತಾಯ್ನಾಡಿಗೆ ಹಿಂದಿರುಗಲು ಹುಡುಗನ ಬಳಿ ದಾರಿಯಿರಲಿಲ್ಲ. ಮುಂಬಯಿ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದ ಬಂಧು ನ್ಯೂನ್‌ಹ್ಯಾಮ್ ಕೈ ಹಿಡಿದ. ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಒಂದು ಹುದ್ದೆ ದೊರಕಿಸಿಕೊಟ್ಟ. ಹೀಗೆ ಅಂಗಡಿಯ ಲೆಕ್ಕ ಬರೆಯಬೇಕಾಗಿದ್ದವನು ಹದಿನಾರನೆಯ ವಯಸ್ಸಿಗೆ ಔರಂಗಾಬಾದಿನಲ್ಲಿ ಕತ್ತಿ ಕಟ್ಟಿದ.

ಈ ತಿರುವು ಟೇಲರ್‌ನ ಬದುಕಿಡೀ ಒಂದು ಗುರುತನ್ನು ಉಳಿಸಿತು. ಆತ ಈಸ್ಟ್ ಇಂಡಿಯಾ ಕಂಪನಿಯ ಖಾಸಾ ಅಧಿಕಾರಿ ವರ್ಗದವನಲ್ಲ, ನಿಜಾಮನ ಸಂಬಳದವನು. ಲಂಡನ್ನಿನಲ್ಲಿ ಪರೀಕ್ಷೆ, ಶಿಫಾರಸು ದಾಟಿ ಬಂದವರ ಪಂಕ್ತಿಯಲ್ಲಿ ಆತನಿಗೆ ಸದಾ ಕೊನೆಯ ಮಣೆ. ಅದರಿಂದ ಒಂದು ಲಾಭವೂ ಆಯಿತು. ಮೇಲಿನವರ ಮರ್ಜಿಗಿಂತ ಜನರ ಭಾಷೆಯನ್ನು ನಂಬಬೇಕಾಯಿತು. ಹಿಂದುಸ್ತಾನಿ, ಮರಾಠಿ, ಪಾರಸಿಗಳನ್ನು ಕಲಿತ. ಇಪ್ಪತ್ತು ತುಂಬುವ ಮುನ್ನವೇ ನಿಜಾಮನ ರಾಜ್ಯದ ನೈಋತ್ಯ ಭಾಗದ ಪೊಲೀಸ್ ಕೆಲಸ ಹೆಗಲಿಗೆ ಬಂತು.

ಆ ದಿನಗಳ ಒಂದು ಪ್ರಸಂಗ ತುಂಬ ರಸವತ್ತಾಗಿದೆ. ತುಳಜಾಪುರಕ್ಕೆ ಬರುವ ಯಾತ್ರಿಕರು, ಹಿಟ್ಟಿನಲ್ಲಿ ಮರಳು ಬೆರೆಸಿ ಮಾರುತ್ತಾರೆ ಎಂದು ದೂರಿದರು. ಟೇಲರ್ ದಂಡ ಹಾಕಲಿಲ್ಲ, ಸೆರೆಗೆ ತಳ್ಳಲಿಲ್ಲ. ವರ್ತಕರನ್ನು ಸಾಲಾಗಿ ಕೂರಿಸಿ ಅವರವರ ಹಿಟ್ಟನ್ನು ಅವರವರಿಂದಲೇ ತಿನ್ನಿಸಿದ. ಊರೆಲ್ಲ ನಕ್ಕಿತು. ಬಾಲಿಶವಾದ ನ್ಯಾಯ ಎಂದು ಇಂದಿನ ವಕೀಲರು ಹೇಳಬಹುದು. ಹುಡುಗ ಕೊಟ್ಟ ನ್ಯಾಯವೇ ಅದು. ಆದರೆ ಕಚೇರಿಯ ತೀರ್ಪಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವಂಥದು.

ಇನ್ನೊಂದು ಪ್ರಸಂಗದಲ್ಲಿ ಪಶ್ಚಾತ್ತಾಪವಿದೆ. ದಾರಿಹೋಕರನ್ನು ಕರವಸ್ತ್ರದಿಂದ ಕುತ್ತಿಗೆ ಬಿಗಿದು ಕೊಲ್ಲುವ ಠಕ್ಕರ ಜಾಲದ ವಾಸನೆ ಟೇಲರ್‌ಗೆ ಬಹು ಬೇಗ ಹತ್ತಿತ್ತು. ಹುಡುಕಾಟ ಕೈಗೂಡುವ ಮೊದಲೇ ದಂಡಿಗೆ ಮರಳುವಂತೆ ಆಜ್ಞೆ ಬಂತು. ಠಕ್ಕರನ್ನು ಬಯಲಿಗೆಳೆದ ಕೀರ್ತಿ ಉತ್ತರದಲ್ಲಿದ್ದ ಸ್ಲೀಮನ್‌ಗೆ ಹೋಯಿತು. ಮುಂದೆ ಸೆರೆಸಿಕ್ಕ ಠಕ್ಕರ ಹೇಳಿಕೆಗಳನ್ನು ಬರೆದುಕೊಳ್ಳುವ ಅವಕಾಶ ಟೇಲರ್‌ಗೂ ಒದಗಿತು. ಕಾಯಿಲೆಯ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ, 1839ರಲ್ಲಿ, ‘ಕನ್ಫೆಷನ್ಸ್ ಆಫ್ ಎ ಥಗ್’ ಪ್ರಕಟವಾಯಿತು. ವಿಕ್ಟೋರಿಯಾ ರಾಣಿ ಅದರ ಅಚ್ಚಿನ ಕರಡು ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂಬುದು ಪ್ರಸಿದ್ಧ. ಮರುವರ್ಷ ಟಿಪ್ಪು ಸುಲ್ತಾನನ ಬಗೆಗಿನ ಕಾದಂಬರಿ ಬಂತು. ಮೂವತ್ತು ದಾಟುತ್ತಿದ್ದಂತೆ ಆತ ಹೆಸರಾದ ಲೇಖಕ.

ಮದುವೆಯಾದದ್ದು 1832ರಲ್ಲಿ. ಹೆಂಡತಿ ಮೇರಿ ಪಾಮರ್, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು. ವಿಲಿಯಂನ ತಂದೆ ಇಂಗ್ಲಿಷ್ ಜನರಲ್, ತಾಯಿ ಫೈಜ್ ಬಕ್ಷ್ ಬೇಗಂ. ಅಂದರೆ ಟೇಲರ್‌ನ ಮನೆಯೊಳಗೇ ಒಂದು ಹಿಂದುಸ್ತಾನವಿತ್ತು. ಆತನ ಕಾದಂಬರಿಗಳಲ್ಲಿ ಇಲ್ಲಿಯ ಹೆಂಗಸರು ಬರಿಯ ಬೊಂಬೆಗಳಾಗದೆ ಮಾತಾಡುವ ಮನುಷ್ಯರಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಸುರಪುರ ಬರುವುದು ಇದಾದ ಮೇಲೆ. ಬೇಡ ನಾಯಕರ ಈ ಸಂಸ್ಥಾನ ಮೊಗಲರನ್ನೂ ಲೆಕ್ಕಿಸದೆ ಬಾಳಿದ್ದು. ಔರಂಗಜೇಬ ತನ್ನ ಕಡೆಯ ವರ್ಷಗಳಲ್ಲಿ ಸ್ವತಃ ಬಂದು ವಾಗಿನಗೇರಿಯನ್ನು ಮುತ್ತಿದ್ದು ಈ ನಾಯಕರ ಮೇಲೆಯೇ. 1841ರ ಹೊತ್ತಿಗೆ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ಏಳೆಂಟು ವರ್ಷದವನು. ಆಡಳಿತ ತಾಯಿ ಈಶ್ವರಮ್ಮನದೋ ಚಿಕ್ಕಪ್ಪ ಪಿಡ್ಡ ನಾಯಕನದೋ ಎಂಬ ಜಗಳ. ಮೇಲೆ ಸಾಲದ ಭಾರ. ಹೈದರಾಬಾದಿನ ರೆಸಿಡೆಂಟ್ ಫ್ರೇಸರ್ ಇದನ್ನು ಬಗೆಹರಿಸಲು ಟೇಲರ್‌ನನ್ನು ಕಳಿಸಿದ.

ಈಶ್ವರಮ್ಮನ ಚಿತ್ರ ಆತ್ಮಕಥೆಯ ಅತಿ ಸೊಗಸಾದ ಚಿತ್ರಗಳಲ್ಲೊಂದು, ಅತಿ ಅನ್ಯಾಯದ ಚಿತ್ರಗಳಲ್ಲೂ ಒಂದು. ಬುದ್ಧಿವಂತೆ, ಹಟವಾದಿ, ಸಿಟ್ಟಿನವಳು, ಆಡಳಿತ ಬಲ್ಲವಳು. ಟೇಲರ್ ಆಕೆಯನ್ನು ಮೆಚ್ಚುತ್ತಾನೆ, ಮರುಪುಟದಲ್ಲೇ ದೂರುತ್ತಾನೆ. ಆಕೆಯ ಕಡೆಯಿಂದ ನೋಡಿದರೆ ಸಂಗತಿ ಬೇರೆಯಾಗಿ ಕಾಣುತ್ತದೆ. ಗಂಡ ಸತ್ತಿದ್ದಾನೆ, ಮಗ ಚಿಕ್ಕವನು, ಮೈದುನ ಪಾಲಿಗೆ ನಿಂತಿದ್ದಾನೆ, ಹೊರಗಿನಿಂದ ಬಂದ ಸಾಹೇಬ ಖಜಾನೆಯ ಬೀಗದ ಕೈ ಕೇಳುತ್ತಿದ್ದಾನೆ. ಆಕೆ ಸುಮ್ಮನೆ ಕೊಟ್ಟುಬಿಡಬೇಕಾಗಿತ್ತೇ? ಆತ್ಮಕಥೆಗಳಲ್ಲಿ ಎದುರು ಪಕ್ಷದವರಿಗೆ ಮಾತಾಡುವ ಸರದಿ ಬರುವುದಿಲ್ಲ.

ಆ ಈಶ್ವರಮ್ಮನೇ ಒಮ್ಮೆ ಕಾಯಿಲೆಯಲ್ಲಿ ಇನ್ನು ಉಳಿಯೆನೆಂದು ಬಗೆದು ಟೇಲರ್‌ನನ್ನು ಕರೆಸಿ ಮಗನ ಜಾತಕವನ್ನು ತೋರಿಸಿದಳಂತೆ. ಇಪ್ಪತ್ತನಾಲ್ಕನೆಯ ವರ್ಷ ಮುಗಿಯುವುದರೊಳಗೆ ಹುಡುಗನಿಗೆ ಮೃತ್ಯು ಎಂದು ಅದರಲ್ಲಿ ಬರೆದಿತ್ತು. ಈ ಗುಟ್ಟು ತಿಳಿದಿದ್ದವರು ಬೆರಳೆಣಿಕೆಯ ಮಂದಿ. ಟೇಲರ್ ನಕ್ಕು ಬಿಡಲಿಲ್ಲ, ನಂಬಲೂ ಇಲ್ಲ.

ಮುಂದಿನ ಸುಮಾರು ಹತ್ತು ವರ್ಷ ಸಂಸ್ಥಾನವನ್ನು ನಡೆಸಿದವನು ಟೇಲರನೇ. ಲೆಕ್ಕಪತ್ರ, ಸಾಲ, ಕಂದಾಯ ಇವು ಒಂದು ಕಡೆ. ಇನ್ನೊಂದು ಕಡೆ ರಸ್ತೆ, ಕೆರೆ. ಬೋನಾಳದ ಹಳೆಯ ಕೆರೆಯನ್ನು ಹಿಗ್ಗಿಸಿದ. ಅದು ಇಂದು ಪಕ್ಷಿಧಾಮವೆಂದು ಹೆಸರಾಗಿದೆ. ಸುರಪುರದ ಗುಡ್ಡದ ಮೇಲೆ ಆತ ಕಟ್ಟಿಸಿಕೊಂಡ ಮನೆಯನ್ನು ಊರಿನವರು ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ಇಲ್ಲಿದ್ದುಕೊಂಡೇ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬಾತ್ಮಿ ಬರೆಯುತ್ತಿದ್ದ. ಬಿಡುವಿನಲ್ಲಿ ಕಲ್ಲುಗಳ ಬೆನ್ನು ಹತ್ತಿದ. ರಾಜನಕೋಳೂರಿನ ಕಲ್ಲುಮನೆಗಳು, ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲಾಗಿ ನೆಟ್ಟ ಬಂಡೆಗಳು, ಇವುಗಳನ್ನು ಅಳೆದು, ಚಿತ್ರ ಬರೆದು, ಅಗೆದು ನೋಡಿ, ಇವು ಯೂರೋಪಿನ ಪ್ರಾಚೀನ ಶಿಲಾಸಮಾಧಿಗಳನ್ನು ಹೋಲುತ್ತವೆಂದು ಜಗತ್ತಿಗೆ ಸಾರಿದ. ಐರ್ಲೆಂಡಿನ ರಾಯಲ್ ಐರಿಶ್ ಅಕಾಡೆಮಿಯವರೆಗೂ ಈ ಸೀಮೆಯ ಹಳ್ಳಿಗಳ ಹೆಸರು ತಲುಪಿತು. ದನ ಕಾಯುವ ಹುಡುಗರು ನೆರಳಿಗೆ ಕೂರುತ್ತಿದ್ದ ಕಲ್ಲುಗಳವು. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನದಲ್ಲಿ ಟೇಲರ್‌ನ ಹೆಸರನ್ನು ಬಿಟ್ಟು ಈಗಲೂ ಮುಂದೆ ಹೋಗುವಂತಿಲ್ಲ.

ಈ ನಡುವೆ 1844ರಲ್ಲಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿ. ಒಂಟಿಯಾದ ಟೇಲರ್‌ಗೂ ತಂದೆಯಿಲ್ಲದ ಹುಡುಗ ವೆಂಕಟಪ್ಪನಿಗೂ ನಂಟು ಬೆಳೆಯಿತು. ಹುಡುಗ ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಓದು, ಬರಹ, ಕುದುರೆ ಸವಾರಿ, ದರ್ಬಾರಿನ ನಡೆ ಎಲ್ಲದರಲ್ಲೂ ಟೇಲರ್‌ನ ಕಣ್ಣಿತ್ತು. 1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಸಂಸ್ಥಾನವನ್ನು ಒಪ್ಪಿಸಿ ಟೇಲರ್ ನಳದುರ್ಗದ ಕಡೆ ಹೊಸ ಕೆಲಸಕ್ಕೆ ಹೋದ.

ಆಮೇಲಿನದು ಚರಿತ್ರೆಯ ಪುಸ್ತಕಗಳಲ್ಲಿರುವ ಸಂಗತಿ. 1857ರ ಬೆಂಕಿ ದಖನ್ನಿಗೂ ತಾಗಿತು. ವೆಂಕಟಪ್ಪ ನಾಯಕ ಬೇಡರ ಜೊತೆಗೆ ಅರಬರನ್ನೂ ರೋಹಿಲರನ್ನೂ ಕೂಡಿಸಿದ. ವಿಚಾರಿಸಲು ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್ ಬಂದ, ಪ್ರಯೋಜನವಾಗಲಿಲ್ಲ. 1858ರ ಫೆಬ್ರುವರಿಯಲ್ಲಿ ಇಂಗ್ಲಿಷರ ಪಡೆಗೂ ಸುರಪುರದವರಿಗೂ ಕಾಳಗ ನಡೆದು ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೊರಗಿನಿಂದ ಮತ್ತಷ್ಟು ಪಡೆ ಬರುತ್ತಿರುವಾಗ ರಾಜ ಊರು ಬಿಟ್ಟು ಹೈದರಾಬಾದಿಗೆ ಹೋದ. ಅಲ್ಲಿ ಸೆರೆಯಾಗಿ ಸಾಲಾರ್ ಜಂಗನ ಮೂಲಕ ರೆಸಿಡೆಂಟನ ವಶವಾದ. ಈ ಹೊತ್ತಿನಲ್ಲಿ ಟೇಲರ್ ದೂರದ ವರ್ಹಾಡದ ಜವಾಬ್ದಾರಿಯಲ್ಲಿದ್ದವನು.

ಸೆರೆಯಲ್ಲಿ ಇಬ್ಬರೂ ಭೇಟಿಯಾದದ್ದು ಆತ್ಮಕಥೆಯ ತಿರುಳು. ಹುಡುಗನನ್ನು ಬೆಳೆಸಿದವನು ಈಗ ಸರ್ಕಾರದ ಪರವಾಗಿ ಒಂದು ಪ್ರಶ್ನೆ ಹೊತ್ತು ಬಂದಿದ್ದ. ಬಂಡಾಯಕ್ಕೆ ಎತ್ತಿಕಟ್ಟಿದವರು ಯಾರು, ಹೆಸರು ಹೇಳಿದರೆ ದಯೆ ಸಿಕ್ಕೀತು. ರಾಜ ಟೇಲರ್‌ನನ್ನು ಕಂಡು ಕರಗಿದ, ಅತ್ತ, ಆದರೆ ಒಂದು ಹೆಸರನ್ನೂ ಹೇಳಲಿಲ್ಲ. ಜೀವಭಿಕ್ಷೆಯನ್ನೂ ಬೇಡಲಿಲ್ಲ. ಕೇಳಿದ್ದು ಇಷ್ಟೇ: ಕಳ್ಳನಂತೆ ನೇಣಿಗೆ ಹಾಕದಿರಲಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ. ಇದನ್ನು ಬರೆದವನು ಇಂಗ್ಲಿಷರ ಅಧಿಕಾರಿ ಎಂಬುದನ್ನು ನೆನೆಯಬೇಕು. ಪುಸ್ತಕದ ಉದ್ದಕ್ಕೂ ಆತ ವೆಂಕಟಪ್ಪನ ಬಂಡಾಯವನ್ನು ದುರ್ಬೋಧಕರ ಮಾತು ಕೇಳಿದ ತರುಣನ ಮೂಢತನವೆಂದೇ ಬಣ್ಣಿಸುತ್ತಾನೆ. ಆದರೆ ಸೆರೆಮನೆಯ ಈ ಪುಟಗಳಲ್ಲಿ ನಿಂತಿರುವವನು ಮೂಢನಲ್ಲ. ಟೇಲರ್‌ನ ಅಭಿಪ್ರಾಯ ಒಂದು ಹೇಳುತ್ತದೆ, ಆತನ ನೆನಪು ಇನ್ನೊಂದು ಹೇಳುತ್ತದೆ. ಸುರಪುರದ ಜನ ನಂಬಿಕೊಂಡು ಬಂದಿರುವುದು ಎರಡನೆಯದನ್ನು.

ಮರಣದಂಡನೆ ಮೊದಲು ದೇಶಾಂತರ ಶಿಕ್ಷೆಯಾಗಿ, ಆಮೇಲೆ ಗವರ್ನರ್ ಜನರಲ್‌ನ ದಯೆಯಿಂದ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ವಾಸವಾಗಿ ಇಳಿಯಿತು. ಸರಿಯಾಗಿ ನಡೆದುಕೊಂಡರೆ ಸಂಸ್ಥಾನ ಮರಳಿ ಸಿಗುವ ಆಸೆಯೂ ಇತ್ತು. ಕರೆದೊಯ್ಯುತ್ತಿದ್ದ ದಾರಿಯಲ್ಲಿ ಕಾವಲಿನ ಅಧಿಕಾರಿ ಡೇರೆಯಲ್ಲಿ ಬಿಟ್ಟುಹೋಗಿದ್ದ ಪಿಸ್ತೂಲಿನಿಂದ ರಾಜ ಸತ್ತ. ಜಾತಕ ಹೇಳಿದ ಅವಧಿ ಇನ್ನೂ ಮುಗಿದಿರಲಿಲ್ಲ. ತಾನೇ ಹಾರಿಸಿಕೊಂಡದ್ದು ಎಂದು ಟೇಲರ್ ಬರೆಯುತ್ತಾನೆ. ಸುರಪುರದ ಕಡೆ ಇದನ್ನು ಒಪ್ಪದವರಿದ್ದಾರೆ, ಕೊಂದರು ಎಂದೇ ಹೇಳುವವರಿದ್ದಾರೆ. ಡೇರೆಯೊಳಗೆ ಸಾಕ್ಷಿಯಿರಲಿಲ್ಲ. ಗುಂಡು ತುಂಬಿದ ಪಿಸ್ತೂಲನ್ನು ರಾಜಕೈದಿಯ ಕೈಗೆಟಕುವಲ್ಲಿ ಬಿಡುವುದು ಎಂಥ ಕಾವಲು ಎಂಬ ಪ್ರಶ್ನೆಯನ್ನಂತೂ ಯಾರು ಬೇಕಾದರೂ ಕೇಳಬಹುದು.

ಜಾತಕದ ವಿಷಯಕ್ಕೆ ಒಂದು ಎಚ್ಚರಿಕೆ ಬೇಕು. ಈ ಆತ್ಮಕಥೆಯನ್ನು ಟೇಲರ್ ಬರೆದದ್ದು ಮುದಿತನದಲ್ಲಿ, ಎಲ್ಲ ಮುಗಿದ ಮೇಲೆ. ಅಂತ್ಯ ಗೊತ್ತಿರುವವನಿಗೆ ಆರಂಭದಲ್ಲೇ ಶಕುನಗಳು ಕಾಣುವುದು ಸಹಜ. ಕಾದಂಬರಿಕಾರನಿಗಂತೂ ಇನ್ನೂ ಸಹಜ. ಹಾಗೆಂದು ಆತ ಕಟ್ಟಿ ಹೇಳಿದ ಎನ್ನಲು ಆಧಾರವೇನೂ ಇಲ್ಲ. ರಾಜ ಸತ್ತ ಮೇಲೆ ಸುರಪುರಕ್ಕೆ ಮತ್ತೆ ಅಧಿಕಾರಿಯಾಗಿ ಬಂದಾಗ, ಜಾತಕ ಓದಿದ್ದ ಶಾಸ್ತ್ರಿ ಅದನ್ನು ನೆನಪಿಸಿದನೆಂದೂ ಬರೆದಿದ್ದಾನೆ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಭಾರತ ಬಿಟ್ಟ. ಅದೇ ವರ್ಷ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ಸಂಸ್ಥಾನ ನಕಾಶೆಯಿಂದ ಅಳಿಯಿತು. ಊರಿಗೆ ಮರಳಿದ ಟೇಲರ್ ‘ತಾರಾ’, ‘ಸೀತಾ’ ಮೊದಲಾದ ಕಾದಂಬರಿಗಳನ್ನು ಬರೆದ. 1857ರ ಹಿನ್ನೆಲೆಯ ‘ಸೀತಾ’ದಲ್ಲಿ ಇಂಗ್ಲಿಷ್ ಅಧಿಕಾರಿ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. 1872ರಲ್ಲಿ ಹಾಗೆ ಬರೆಯಲು ಧೈರ್ಯ ಬೇಕಿತ್ತು. ಚಾಂದ್ ಬೀಬಿಯ ಕಥೆಯಾದ ‘ಎ ನೋಬಲ್ ಕ್ವೀನ್’ ಆತ ಸತ್ತ ಮೇಲೆ ಬೆಳಕು ಕಂಡಿತು.

ಡಾಲ್‌ನ ‘ಗೋಯಿಂಗ್ ಸೋಲೊ’ ಮುಗಿಯುವುದು ತರುಣ ವೈಮಾನಿಕ ತಾಯಿಯ ಮನೆಗೆ ಮರಳುವುದರೊಂದಿಗೆ. ಟೇಲರ್‌ಗೆ ಮನೆ ಯಾವುದೆಂಬುದೇ ಗೊಂದಲ. 1875ರಲ್ಲಿ, ಮೈಯಲ್ಲಿ ಶಕ್ತಿ ಉಡುಗಿದ್ದರೂ, ಸಾಲಾರ್ ಜಂಗನ ಕರೆಗೆ ಓಗೊಟ್ಟು ಮತ್ತೆ ಹೈದರಾಬಾದಿಗೆ ಬಂದ. ಅಷ್ಟರಲ್ಲಿ ದೃಷ್ಟಿ ಹೋಯಿತು. ಹಿಂದಿರುಗುವ ದಾರಿಯಲ್ಲಿ ಫ್ರಾನ್ಸಿನ ಮೆಂಟೋನ್‌ನಲ್ಲಿ 1876ರ ಮೇ 13ರಂದು ತೀರಿಕೊಂಡ. ಮರುವರ್ಷ ಮಗಳು ಆಲಿಸ್ ಆತ್ಮಕಥೆಯನ್ನು ಸಂಪಾದಿಸಿ ಅಚ್ಚು ಹಾಕಿಸಿದಳು.