ಮಗುವಿಗೆ ಮೊದಲ ಪಿಯಾನೋ: ಕೊಳ್ಳುವ ಮುನ್ನ ಒಂದು ಲೆಕ್ಕ

ಲೆಕ್ಕಶಾಸ್ತ್ರದ ಪಾಠದಲ್ಲಿ ಸವಕಳಿಗೆ ಯಾವಾಗಲೂ ಯಂತ್ರ, ಪೀಠೋಪಕರಣ ಅಥವಾ ಲಾರಿಯ ಉದಾಹರಣೆಯೇ ಬರುತ್ತದೆ. ಈ ವರ್ಷ ನಾನು ಅದೇ ಲೆಕ್ಕವನ್ನು ಪಿಯಾನೋಗೆ ಹಾಕಿದೆ. ತುಮಕೂರಿನಲ್ಲಿರುವ ನನ್ನ ಖಾಲಾ ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಛೋಟಿ ಎನ್ನುತ್ತೇವೆ. ಅವಳ ಶಾಲೆಯಲ್ಲಿ ವಾರಕ್ಕೆ ಎರಡು ದಿನ ಪಿಯಾನೋ ಪಾಠವಿದೆ. ಮನೆಯಲ್ಲಿ ಅಭ್ಯಾಸ ಮಾಡಲು ಒಂದು ವಾದ್ಯ ಬೇಕಿತ್ತು. ಖಾಲಾ ಅದಕ್ಕೆಂದು ಚೀಟಿ ಎತ್ತಿ 25,000 ರೂಪಾಯಿ ಇಟ್ಟಿದ್ದರು. ಆ ಹಣವನ್ನು ಅಂಗಡಿಯ ಸರಕಿಗೆ ಹಾಕಿದರೆ ನಾಲ್ಕು ಕಾಸು ಹುಟ್ಟುತ್ತದೆ ಎಂಬುದು ಖಾಲು ಅವರ ವಾದ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, "ಬೇಟಾ, ನೀನು ಕಾಮರ್ಸ್ ಓದುತ್ತಿದ್ದೀಯಲ್ಲ, ಲೆಕ್ಕ ಹಾಕಿ ಹೇಳು" ಎಂದರು.

ಮಕ್ಕಳಿಗೆ ಸಂಗೀತ ಕಲಿಸಬೇಕೇ ಬೇಡವೇ ಎಂಬುದರಲ್ಲಿ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ಅದನ್ನು ಆಯಾ ಮನೆಯ ಹಿರಿಯರು ತೀರ್ಮಾನಿಸಲಿ. ಕಲಿಸುವುದೆಂದು ನಿರ್ಧರಿಸಿದ ಮೇಲೆ ಹಣವನ್ನು ಯಾವುದಕ್ಕೆ ಹಾಕಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಹಾರ್ಮೋನಿಯಂಗೂ ಪಿಯಾನೋಗೂ ಏನು ವ್ಯತ್ಯಾಸ?

ನಮ್ಮಲ್ಲಿ ಹೆಚ್ಚಿನವರು ಹಾರ್ಮೋನಿಯಂ ನೋಡಿದ್ದೇವೆ. ಅದರಲ್ಲೂ ಕಪ್ಪು ಬಿಳುಪು ಕೀಗಳು ಅದೇ ಕ್ರಮದಲ್ಲಿವೆ. ಆದರೆ ಅಲ್ಲಿ ಸದ್ದು ಜೋರಾಗುವುದೂ ಮೆಲ್ಲಗಾಗುವುದೂ ತಿದಿ ಒತ್ತುವ ಕೈಯಿಂದ. ಕೀ ಒತ್ತುವ ಬೆರಳು ಯಾವ ಸ್ವರ ಎಂಬುದನ್ನು ಮಾತ್ರ ಹೇಳುತ್ತದೆ. ಪಿಯಾನೋದಲ್ಲಿ ಎರಡೂ ಕೆಲಸ ಬೆರಳಿನದೇ. ಕೀ ಒತ್ತಿದರೆ ಒಳಗೆ ಫೆಲ್ಟ್ ಹೊದಿಸಿದ ಸಣ್ಣ ಸುತ್ತಿಗೆ ಎದ್ದು ಉಕ್ಕಿನ ತಂತಿಗೆ ಹೊಡೆಯುತ್ತದೆ. ಬೆರಳು ವೇಗವಾಗಿ ಇಳಿದರೆ ಸದ್ದು ಜೋರು, ನಿಧಾನವಾಗಿ ಇಳಿದರೆ ಮೆಲು.

ಪಿಯಾನೋ ಹುಟ್ಟಿದ್ದೇ ಈ ಕಾರಣಕ್ಕೆ. ಅದಕ್ಕೂ ಮೊದಲು ಯುರೋಪಿನಲ್ಲಿದ್ದ ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ತಂತಿಯನ್ನು ಮೀಟುವ ವ್ಯವಸ್ಥೆ ಇತ್ತು. ಹೇಗೆ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮೆದಿಚಿ ಮನೆತನದ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ ಮೀಟುವ ಬದಲು ಸುತ್ತಿಗೆಯಿಂದ ಹೊಡೆಯುವ ಯಂತ್ರ ಮಾಡಿದ. ಇಟಾಲಿಯನ್ ಭಾಷೆಯಲ್ಲಿ 'ಪಿಯಾನೋ' ಎಂದರೆ ಮೆಲ್ಲಗೆ, 'ಫೋರ್ಟೆ' ಎಂದರೆ ಜೋರಾಗಿ. ಪಿಯಾನೋಫೋರ್ಟೆ ಎಂಬ ಹೆಸರೇ ಚಿಕ್ಕದಾಗಿ ಪಿಯಾನೋ ಆಯಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಛೋಟಿಗೆ ಯಾರೋ ಉಡುಗೊರೆಯಾಗಿ ಕೊಟ್ಟಿದ್ದ 37 ಕೀಗಳ ಪುಟ್ಟ ಕೀಬೋರ್ಡ್ ಮನೆಯಲ್ಲಿತ್ತು. ಅದರಲ್ಲಿ ಹೇಗೆ ಒತ್ತಿದರೂ ಒಂದೇ ಸದ್ದು. ಒಂದು ವರ್ಷ ಅದರಲ್ಲೇ ಅಭ್ಯಾಸ ಮಾಡಿ ಶಾಲೆಯ ಪಿಯಾನೋ ಮುಂದೆ ಕೂತರೆ ಅವಳ ಬೆರಳಿಗೆ ಬಲ ಸಾಲುತ್ತಿರಲಿಲ್ಲ. ಒಂದು ಸ್ವರ ಕೇಳಿಸಿದರೆ ಇನ್ನೊಂದು ಕೇಳಿಸುತ್ತಿರಲಿಲ್ಲ. "ಇವಳಿಗೆ ಕೈ ಬರುವುದಿಲ್ಲ ಬಿಡಿ" ಎಂದು ನೆಂಟರೊಬ್ಬರು ಅವಳ ಎದುರಿಗೇ ಹೇಳಿದರು. ಛೋಟಿಯೂ ಅದನ್ನೇ ನಂಬಿ, ಪಾಠ ಬಿಡುತ್ತೇನೆ ಎನ್ನತೊಡಗಿದ್ದಳು. ಅವಳ ಸಂಗೀತ ಮಿಸ್ ಮಾತ್ರ, "ಮಗುವಿನ ಕೈಯಲ್ಲಿ ದೋಷವಿಲ್ಲ, ಮನೆಯ ವಾದ್ಯ ಬದಲಿಸಿ" ಎಂದರು. ಅಗ್ಗದ ವಾದ್ಯದಿಂದ ಆಗುವ ದೊಡ್ಡ ನಷ್ಟ ಇದೇ. ಅದು ಯಾವ ಖಾತೆಯಲ್ಲೂ ದಾಖಲಾಗುವುದಿಲ್ಲ. ವಾದ್ಯದ ಕೊರತೆಯನ್ನು ಮಗು ತನ್ನ ಕೊರತೆ ಎಂದುಕೊಳ್ಳುತ್ತದೆ.

ಮಾರುಕಟ್ಟೆಯಲ್ಲಿ ಏನೇನಿದೆ?

ಮೊದಲನೆಯದು, ಆಟಿಕೆ ಮಾದರಿಯ ಪುಟ್ಟ ಕೀಬೋರ್ಡ್. ಇದರ ಕೀಗಳು ಅಗಲದಲ್ಲೂ ಚಿಕ್ಕವು. ಗುರುತಿಸಲು ಒಂದು ಸ್ಕೇಲ್ ಸಾಕು. ಸರಿಯಾದ ಅಳತೆಯ ವಾದ್ಯದಲ್ಲಿ ಅಕ್ಕಪಕ್ಕದ ಏಳು ಬಿಳಿ ಕೀಗಳು ಸೇರಿ ಸುಮಾರು 16.5 ಸೆಂಟಿಮೀಟರ್ ಇರುತ್ತವೆ. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಮಗುವಿನ ಕೈ ತಪ್ಪು ಅಳತೆಗೆ ಒಗ್ಗಿಕೊಳ್ಳುತ್ತದೆ.

ಎರಡನೆಯದು, 61 ಕೀಗಳ ಕೀಬೋರ್ಡ್. ಇದರಲ್ಲಿ ಎರಡು ತರಹ: ಒತ್ತುವ ವೇಗಕ್ಕೆ ತಕ್ಕಂತೆ ಸದ್ದು ಬದಲಾಗುವುದು, ಬದಲಾಗದಿರುವುದು. ಕೊಳ್ಳುವುದಾದರೆ ಬದಲಾಗುವುದನ್ನೇ ಕೊಳ್ಳಬೇಕು. ಆರಂಭದ ಪಾಠಗಳೆಲ್ಲ ನಡುವಿನ ಕೀಗಳ ಸುತ್ತಲೇ ಇರುವುದರಿಂದ ಮೊದಲ ವರ್ಷಕ್ಕೆ 61 ಕೀ ಸಾಕಾಗುತ್ತದೆ. ಆದರೆ ಕೀಗಳು ಹಗುರ, ಕೆಳಗೆ ಸ್ಪ್ರಿಂಗ್ ಇರುತ್ತದೆ. ಬೆರಳಿಗೆ ಪಿಯಾನೋದ ಭಾರ ಸಿಗುವುದಿಲ್ಲ. ಪರೀಕ್ಷೆ ಕಟ್ಟಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಟ್ರಿನಿಟಿ ಕಾಲೇಜ್ ಲಂಡನ್ ಸಂಸ್ಥೆಯ ಗ್ರೇಡ್ ಪರೀಕ್ಷೆಗಳಲ್ಲಿ ಪಿಯಾನೋ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ. ಎರಡಕ್ಕೂ ಪಠ್ಯಕ್ರಮ ಬೇರೆ.

ಮೂರನೆಯದು, ಡಿಜಿಟಲ್ ಪಿಯಾನೋ. ಇದರಲ್ಲಿ ಪೂರ್ತಿ 88 ಕೀಗಳು: 52 ಬಿಳಿ, 36 ಕಪ್ಪು. ತಂತಿ ಇರುವುದಿಲ್ಲ, ಆದರೆ ಕೀ ಕೆಳಗೆ ಸುತ್ತಿಗೆಯಂತಹ ಭಾರ ಇರುತ್ತದೆ. ಎಡಗಡೆಯ ತಗ್ಗು ಸ್ವರಗಳ ಕೀಗಳು ಹೆಚ್ಚು ಭಾರ, ಬಲಕ್ಕೆ ಹೋದಂತೆ ಹಗುರ. ನಿಜವಾದ ಪಿಯಾನೋದಲ್ಲೂ ಹಾಗೆಯೇ. ಪ್ರತಿ ಕೀ ಕೆಳಗೆ ಒಂದಕ್ಕಿಂತ ಹೆಚ್ಚು ಸೆನ್ಸರ್‌ಗಳಿರುತ್ತವೆ. ಕೀ ಇಳಿಯುವಾಗ ಒಂದನ್ನು ದಾಟಿ ಮತ್ತೊಂದನ್ನು ತಲುಪಲು ಎಷ್ಟು ಸಮಯ ಹಿಡಿಯಿತು ಎಂದು ಅಳೆದು, ಅದರಿಂದ ಸದ್ದು ಎಷ್ಟು ಜೋರಿರಬೇಕೆಂದು ಲೆಕ್ಕ ಹಾಕುತ್ತದೆ.

ನಾಲ್ಕನೆಯದು, ತಂತಿಗಳಿರುವ ನಿಜವಾದ ಪಿಯಾನೋ. ಇದರಲ್ಲಿ ಇನ್ನೂರಕ್ಕೂ ಹೆಚ್ಚು ತಂತಿಗಳಿದ್ದು, ಎಲ್ಲದರ ಒಟ್ಟು ಎಳೆತ ಹಲವು ಟನ್‌ಗಳಷ್ಟಾಗುತ್ತದೆ. ಅದನ್ನು ತಾಳಲು ಒಳಗೆ ಎರಕದ ಕಬ್ಬಿಣದ ಚೌಕಟ್ಟಿದೆ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದರ ಜೊತೆ ಶ್ರುತಿಯೂ ಜಾರುತ್ತದೆ. ಆದ್ದರಿಂದ ವರ್ಷಕ್ಕೆ ಒಂದೆರಡು ಬಾರಿ ಟ್ಯೂನಿಂಗ್ ಮಾಡಿಸಲೇಬೇಕು.

ಈಗ ಲೆಕ್ಕ

ಬೆಲೆಯನ್ನು ಮಾತ್ರ ನೋಡಿದರೆ ಮೊದಲನೆಯದೇ ಅಗ್ಗ. ಆದರೆ ಖಾಲುಗೆ ನಾನು ಹೇಳಿದ್ದು, ಬೆಲೆ ಬಿಟ್ಟು ವರ್ಷದ ವೆಚ್ಚ ನೋಡೋಣ ಎಂದು. ಸ್ಥಿರ ಕಂತಿನ ವಿಧಾನ ಎಲ್ಲರಿಗೂ ಗೊತ್ತು: ಕೊಂಡ ಬೆಲೆಯಲ್ಲಿ ಉಳಿಕೆ ಮೌಲ್ಯ ಕಳೆದು, ಬಳಸುವ ವರ್ಷಗಳಿಂದ ಭಾಗಿಸಬೇಕು. ನಮಗೆ ಅಂಗಡಿಗಳಲ್ಲಿ ಹೇಳಿದ ದರ ಮತ್ತು ಮರುಮಾರಾಟದ ನಮ್ಮ ಅಂದಾಜು ಹಿಡಿದಾಗ ಬಂದ ಲೆಕ್ಕ ಹೀಗಿದೆ.

ಪುಟ್ಟ ಕೀಬೋರ್ಡ್: 3,000 ರೂಪಾಯಿ, ಒಂದು ವರ್ಷ, ಆಮೇಲೆ ಬೆಲೆ ಇಲ್ಲ. ವರ್ಷಕ್ಕೆ 3,000.

61 ಕೀಗಳ ಕೀಬೋರ್ಡ್: 12,000 ರೂಪಾಯಿ, ಎರಡು ವರ್ಷ ಬಳಸಿ 6,000ಕ್ಕೆ ಮಾರಾಟ. ವರ್ಷಕ್ಕೆ 3,000.

ಹೊಸ ಡಿಜಿಟಲ್ ಪಿಯಾನೋ: 42,000 ರೂಪಾಯಿ, ಆರು ವರ್ಷ ಬಳಸಿ 15,000ಕ್ಕೆ ಮಾರಾಟ. ವರ್ಷಕ್ಕೆ 4,500.

ಬಳಸಿದ ಡಿಜಿಟಲ್ ಪಿಯಾನೋ: ಸ್ಟ್ಯಾಂಡ್ ಸೇರಿ 24,000 ರೂಪಾಯಿ, ಐದು ವರ್ಷ ಬಳಸಿ 12,000ಕ್ಕೆ ಮಾರಾಟ. ವರ್ಷಕ್ಕೆ 2,400.

ಎಲ್ಲಕ್ಕಿಂತ ಅಗ್ಗವೆಂದು ಕಂಡ ಆಟಿಕೆ, ವರ್ಷದ ಲೆಕ್ಕದಲ್ಲಿ ಬಳಸಿದ ಡಿಜಿಟಲ್ ಪಿಯಾನೋಗಿಂತ ದುಬಾರಿ. ಮೊದಲ ಮಾಲೀಕರು ದೊಡ್ಡ ಸವಕಳಿಯನ್ನು ಆಗಲೇ ಹೊತ್ತಿರುವುದರಿಂದ, ಎರಡನೆಯ ಮಾಲೀಕರಿಗೆ ಸಿಗುವ ಲಾಭ ಇದು.

ತಂತಿಯ ಪಿಯಾನೋ ಯಾರಾದರೂ ಪುಕ್ಕಟೆ ಕೊಟ್ಟರೆ? ಇದನ್ನೂ ಲೆಕ್ಕ ಹಾಕಿದೆ. ಬೆಂಗಳೂರಿನಿಂದ ಎತ್ತಿ ತಂದು ಇಳಿಸಲು 10,000 ಕೇಳಿದರು. ಟ್ಯೂನಿಂಗ್‌ಗೆ ಬೆಂಗಳೂರಿನಿಂದಲೇ ಜನ ಬರಬೇಕು. ಪ್ರಯಾಣ ಸೇರಿ ಒಂದು ಸಲಕ್ಕೆ 4,000, ವರ್ಷಕ್ಕೆ ಎರಡು ಸಲ. ಐದು ವರ್ಷಕ್ಕೆ ಒಟ್ಟು 50,000. ಕೊಳ್ಳುವುದು ಬಂಡವಾಳ ವೆಚ್ಚ, ಸಾಕುವುದು ಪ್ರತಿ ವರ್ಷದ ವೆಚ್ಚ. ಪುಕ್ಕಟೆ ಬಂದ ವಸ್ತುವಿನಲ್ಲಿ ಮೊದಲನೆಯದು ಮಾತ್ರ ಇಲ್ಲ.

ಖಾಲು ಅವರ ಪ್ರಶ್ನೆ ಇನ್ನೂ ಬಾಕಿ ಇತ್ತು. ಆ ಹಣ ಸರಕಿಗೆ ಹಾಕಿದ್ದರೆ ವರ್ಷಕ್ಕೆ 3,000 ಲಾಭ ಬರುತ್ತಿತ್ತು ಎಂದು ಅವರೇ ಹೇಳಿದರು. ನಮ್ಮ ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ. ಅದನ್ನೂ ಸೇರಿಸಿದೆ. 2,400ಕ್ಕೆ 3,000 ಕೂಡಿದರೆ ವರ್ಷಕ್ಕೆ 5,400, ತಿಂಗಳಿಗೆ 450, ದಿನಕ್ಕೆ 15 ರೂಪಾಯಿ. ಖಾಲು ದಿನಾ ಸಂಜೆ ಅಂಗಡಿ ಎದುರಿನ ಹೋಟೆಲಿನಲ್ಲಿ ಕುಡಿಯುವ ಒಂದು ಚಹಾದ ಬೆಲೆ. ಅವರು ನಕ್ಕು, "ಚಹಾ ಬಿಡುವುದಿಲ್ಲ, ಪಿಯಾನೋ ತನ್ನಿ" ಎಂದರು. ಬೆಂಗಳೂರಿನ ಒಂದು ಮನೆಯವರಿಂದ ಬಳಸಿದ ಯಮಹಾ ಪಿ-45 ಸಿಕ್ಕಿತು. ಆ ಮಾದರಿಯ ಜಾಗಕ್ಕೆ ಈಗ ಪಿ-145 ಬಂದಿರುವುದರಿಂದ ಹಳೆಯದರ ಬೆಲೆ ಇಳಿದಿತ್ತು. ಉಳಿದ ಸಾವಿರದಲ್ಲಿ ಹೆಡ್‌ಫೋನ್ ಬಂತು.

ಬಳಸಿದ್ದನ್ನು ಕೊಳ್ಳುವಾಗ

ಅಂಗಡಿಯಲ್ಲಾಗಲಿ, ಮನೆಯಲ್ಲಾಗಲಿ, ಮಾರುವವರು ಮೊದಲು ಒತ್ತುವುದು ಡೆಮೊ ಬಟನ್. ಹಾಡು ತಾನಾಗಿ ನುಡಿಯುತ್ತದೆ, ನಾವು ತಲೆದೂಗುತ್ತೇವೆ. ಅದನ್ನು ನಿಲ್ಲಿಸಲು ಹೇಳಿ. ಐನೂರು ಧ್ವನಿಗಳಿವೆ, ಇನ್ನೂರು ತಾಳಗಳಿವೆ ಎಂಬುದಕ್ಕೂ ಕಿವಿಗೊಡಬೇಡಿ. ಕಲಿಯುವ ಮಗುವಿಗೆ ಬೇಕಿರುವುದು ಪಿಯಾನೋದ ಒಂದೇ ಒಂದು ಧ್ವನಿ. ಈ ಪರೀಕ್ಷೆಗಳನ್ನು ಮಾಡಿ:

1. ಒಂದೇ ಕೀಯನ್ನು ಮೆಲ್ಲಗೆ, ಸಾಧಾರಣವಾಗಿ, ಜೋರಾಗಿ ಒತ್ತಿ. ಮೂರೂ ಬೇರೆಯಾಗಿ ಕೇಳಿಸಬೇಕು.

2. 88 ಕೀಗಳನ್ನೂ ಒಂದೊಂದಾಗಿ ಒಂದೇ ಬಲದಲ್ಲಿ ಒತ್ತಿ. ಕೆಲವು ಥಟ್ಟನೆ ಜೋರಾಗಿ ಕೂಗಿದರೆ ಅಥವಾ ಮೌನವಾಗಿದ್ದರೆ ಸೆನ್ಸರ್ ಕೆಟ್ಟಿದೆ.

3. ಸದ್ದು ಪೂರ್ತಿ ಇಳಿಸಿ ಕೀಗಳನ್ನು ಒತ್ತಿ. ಮೆತ್ತನೆಯ ಸದ್ದು ಸಹಜ. ಕಟಕಟ ಎಂದರೆ ಒಳಗಿನ ಫೆಲ್ಟ್ ಸವೆದಿದೆ.

4. ಪೆಡಲ್ ತುಳಿದು ಒಂದು ಸ್ವರ ನುಡಿಸಿ ಬೆರಳೆತ್ತಿ. ಸ್ವರ ಉಳಿಯಬೇಕು, ಕಾಲು ತೆಗೆದರೆ ನಿಲ್ಲಬೇಕು.

5. ಹೆಡ್‌ಫೋನ್ ಹಾಕಿ ಎರಡೂ ಕಿವಿಗೆ ಕೇಳಿಸುತ್ತದೆಯೇ ನೋಡಿ. ಅಡಾಪ್ಟರ್ ಕಂಪನಿಯದೇ ಆಗಿರಲಿ.

ಸಾಧ್ಯವಾದರೆ ಮಗುವಿನ ಸಂಗೀತ ಶಿಕ್ಷಕರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರ ಅರ್ಧ ಗಂಟೆ ನಮ್ಮ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು.

ಮನೆಗೆ ತಂದ ಮೇಲೆ

ನಾಲ್ಕೂವರೆ ಅಡಿ ಗೋಡೆ ಇದ್ದರೆ ಪಿ-45ರಂತಹ ವಾದ್ಯಕ್ಕೆ ಸಾಕು. ಕಿಟಕಿಯ ಬಿಸಿಲು ಮತ್ತು ಅಡುಗೆಮನೆಯ ಹಬೆ ತಾಗದ ಕಡೆ ಇಡಿ. ನುಡಿಸದಿರುವಾಗ ಬಟ್ಟೆ ಹೊದಿಸಿ. ಕೂರುವ ಎತ್ತರ ಮುಖ್ಯ: ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಮಗುವಿನ ಕಾಲು ನೇತಾಡುತ್ತಿದ್ದರೆ ಬೆನ್ನು ನೇರ ನಿಲ್ಲುವುದಿಲ್ಲ. ಖಾಲಾ ಅಡುಗೆಮನೆಯ ಎರಡು ಮಣೆಗಳನ್ನು ಒಂದರ ಮೇಲೊಂದು ಇಟ್ಟು ಆ ಸಮಸ್ಯೆ ಬಗೆಹರಿಸಿದರು. ಹೆಡ್‌ಫೋನ್ ಇರುವುದರಿಂದ ನಮಾಜಿನ ಹೊತ್ತಿಗೂ, ಪಕ್ಕದ ಮನೆಯ ಅಜ್ಜಿಯ ನಿದ್ದೆಗೂ ತೊಂದರೆಯಿಲ್ಲ. ಕರೆಂಟ್ ಹೋದರೆ ಮಾತ್ರ ಅಭ್ಯಾಸ ನಿಲ್ಲುತ್ತದೆ. ಯುಪಿಎಸ್ ಇರುವ ಮನೆಯಲ್ಲಿ ಆ ಪ್ಲಗ್ಗಿಗೇ ಹಾಕಿಕೊಳ್ಳಬಹುದು.

ಮೂರು ತಿಂಗಳಾಗಿದೆ. ಛೋಟಿಯ ಎಡಗೈ ಮೆಲ್ಲಗೆ, ಬಲಗೈ ಜೋರಾಗಿ ನುಡಿಯತೊಡಗಿದೆ ಎಂದು ಮಿಸ್ ಡೈರಿಯಲ್ಲಿ ಬರೆದಿದ್ದಾರೆ. ಹಳೆಯ ಕೀಬೋರ್ಡಿನಲ್ಲಿ ಇದನ್ನು ಕಲಿಯಲು ಸಾಧ್ಯವೇ ಇರಲಿಲ್ಲ. ಪಾಠ ಬಿಡುವ ಮಾತು ಈಗಿಲ್ಲ.

ಕೊಳ್ಳಲು ಆಗದಿದ್ದರೆ

ಎಲ್ಲ ಮನೆಯಲ್ಲೂ 25,000 ಇರುವುದಿಲ್ಲ. ಆಗ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಬಹುದು. ವಾದ್ಯಗಳ ಬಾಡಿಗೆ ನಮ್ಮ ದೇಶಕ್ಕೆ ಹೊಸದಲ್ಲ. ಎ. ಆರ್. ರಹಮಾನ್ ಅವರ ತಂದೆ, ಸಂಗೀತಗಾರ ಆರ್. ಕೆ. ಶೇಖರ್ 1976ರಲ್ಲಿ ತೀರಿಕೊಂಡಾಗ ರಹಮಾನ್‌ಗೆ ಒಂಬತ್ತು ವರ್ಷ. ಆ ಮೇಲೆ ಅವರ ಕುಟುಂಬಕ್ಕೆ ಆಸರೆಯಾದದ್ದು ತಂದೆ ಬಿಟ್ಟುಹೋದ ವಾದ್ಯಗಳ ಬಾಡಿಗೆ. ಶಾಲೆಯಲ್ಲಿ ಪಿಯಾನೋ ಇದ್ದರೆ, ಪಾಠ ಮುಗಿದ ಮೇಲೆ ಅರ್ಧ ಗಂಟೆ ಅಭ್ಯಾಸಕ್ಕೆ ಬಿಡುವಂತೆ ಪೋಷಕರು ಮುಖ್ಯೋಪಾಧ್ಯಾಯರನ್ನು ಕೇಳಬಹುದು. ಇವೆರಡೂ ಆಗದಿದ್ದರೆ ಒತ್ತಡಕ್ಕೆ ಸ್ಪಂದಿಸುವ 61 ಕೀಗಳ ಕೀಬೋರ್ಡ್ ಬಳಸಿದ್ದು ಸಿಕ್ಕರೂ ಸರಿ, ಎರಡು ವರ್ಷ ಧೈರ್ಯವಾಗಿ ಕಲಿಯಬಹುದು. ಆಟಿಕೆ ಮಾತ್ರ ಬೇಡ.

ನಿಮ್ಮ ಮನೆಯಲ್ಲೂ ತಮ್ಮನಿಗೋ ತಂಗಿಗೋ ವಾದ್ಯ ತರುವ ಮಾತು ನಡೆದಿದ್ದರೆ, ಮೇಲಿನ ಅಂಕಿಗಳ ಜಾಗದಲ್ಲಿ ನಿಮ್ಮ ಊರಿನ ದರ ಹಾಕಿ ನೋಡಿ. ಲೆಕ್ಕದ ಹಾಳೆ ನನ್ನ ಹತ್ತಿರವಿದೆ. ಬೇಕಾದವರು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗಕ್ಕೆ ಬಂದು ಕೇಳಿ, ನಕಲು ಕೊಡುತ್ತೇನೆ.